ಪಿಪ್‌ನನ್ನು ರೂಪಿಸಿದವರು ಯಾರು? ಕಾದಂಬರಿಯ ಎಳೆಯ ನಾಯಕನನ್ನು ಸುತ್ತಲಿನವರ ಮೂಲಕ ಓದುವ ಬಗೆ

'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಬಗ್ಗೆ ಬರೆಯುವ ಪ್ರಬಂಧಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಿಸುತ್ತದೆ. ಜೋ ಪಿಪ್‌ಗೆ ಪ್ರೀತಿ ಕಲಿಸಿದ, ಎಸ್ಟೆಲ್ಲಾ ನೋವು ಕಲಿಸಿದಳು, ಮ್ಯಾಗ್ವಿಚ್ ಕೃತಜ್ಞತೆ ಕಲಿಸಿದ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ, ಅಲ್ಲಿಗೆ ಮುಗಿಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹುಡುಗ ಎಲ್ಲಿ ಬದಲಾದ, ಹೇಗೆ ಬದಲಾದ, ಆ ಬದಲಾವಣೆ ಎಲ್ಲಿಯವರೆಗೆ ಉಳಿಯಿತು ಅನ್ನುವುದು ಓದಿದವರಿಗೆ ಗೊತ್ತಾಗುವುದೇ ಇಲ್ಲ.

ಚಾರ್ಲ್ಸ್ ಡಿಕನ್ಸ್ ಈ ಕಾದಂಬರಿಯನ್ನು 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ತನ್ನದೇ ವಾರಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟಿಸಿದ. ಒಟ್ಟು 59 ಅಧ್ಯಾಯ. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಜೌಗು ನೆಲದ ಪಕ್ಕ ಒಂದು ಹಳ್ಳಿ. ಅಲ್ಲಿ ಅಪ್ಪ ಅಮ್ಮ ಇಲ್ಲದ ಪಿಪ್, ಅಕ್ಕ ಮತ್ತು ಕಮ್ಮಾರ ಭಾವನ ಮನೆಯಲ್ಲಿ ಬೆಳೆಯುತ್ತಾನೆ. ಯಾರೋ ಹೆಸರು ಹೇಳದವರ ದುಡ್ಡಿನಿಂದ ಲಂಡನ್‌ಗೆ ಹೋಗಿ ದೊಡ್ಡ ಮನುಷ್ಯನಾಗುತ್ತಾನೆ. ಆಮೇಲೆ ಆ ದುಡ್ಡಿನ ಮೂಲ ಗೊತ್ತಾಗಿ ಕಟ್ಟಿಕೊಂಡ ಕನಸೆಲ್ಲ ಕುಸಿಯುತ್ತದೆ. ಕಾದಂಬರಿ ಇನ್ನೂ ಓದಿಲ್ಲ ಅನ್ನುವವರು ಮೊದಲು ಓದಿ ಬನ್ನಿ. ಮುಂದೆ ಕಥೆಯ ಗುಟ್ಟುಗಳನ್ನೆಲ್ಲ ಬಿಚ್ಚಿಟ್ಟಿದ್ದೇನೆ.

ಇಲ್ಲಿ ಹೇಳುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ಮಾತು. ಒಬ್ಬರ ಪ್ರಭಾವವನ್ನು ಅವರು ಎದುರಿಗಿರುವ ದೃಶ್ಯದಲ್ಲಿ ಅಳೆಯಬೇಡಿ. ಅವರು ಇಲ್ಲದ ಮುಂದಿನ ದೃಶ್ಯಕ್ಕೆ ಹೋಗಿ. ಅಲ್ಲಿ ಹುಡುಗ ಏನು ಮಾಡುತ್ತಾನೆ, ಯಾರ ಕಣ್ಣಿಗೆ ಹೆದರುತ್ತಾನೆ, ಯಾರ ಮಾತನ್ನು ತನ್ನ ಮಾತು ಅಂದುಕೊಂಡು ಆಡುತ್ತಾನೆ ನೋಡಿ. ಉತ್ತರ ಅಲ್ಲಿರುತ್ತದೆ.

1. ಮೊದಲು 'ಹಳೆಯ' ಹುಡುಗನನ್ನು ಗುರುತು ಹಾಕಿಕೊಳ್ಳಿ

ಬದಲಾವಣೆ ತೋರಿಸಬೇಕಾದರೆ ಬದಲಾಗುವ ಮುಂಚೆ ಹೇಗಿದ್ದ ಅನ್ನುವುದು ಬೇಕು. ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಪಿಪ್ ವಿಷಯದಲ್ಲಿ ಇದಕ್ಕೆ ಮೊದಲ ಏಳು ಅಧ್ಯಾಯ ಸಾಕು.

ಕಾದಂಬರಿ ಶುರುವಾಗುವುದು ಚರ್ಚಿನ ಸ್ಮಶಾನದಲ್ಲಿ, ಕ್ರಿಸ್‌ಮಸ್‌ನ ಹಿಂದಿನ ದಿನ. ತಂದೆ ತಾಯಿ ಹೇಗಿದ್ದರು ಅಂತ ಪಿಪ್ ಊಹಿಸುವುದು ಸಮಾಧಿ ಕಲ್ಲಿನ ಅಕ್ಷರಗಳ ಆಕಾರ ನೋಡಿ. ಪಕ್ಕದಲ್ಲಿ ಐದು ಜನ ಪುಟ್ಟ ತಮ್ಮ ಅಣ್ಣಂದಿರ ಗೋರಿಗಳು. ಇಷ್ಟರಲ್ಲಿ ಕಾಲಿಗೆ ಬೇಡಿ ಹಾಕಿದ ಕೈದಿಯೊಬ್ಬ ಎದ್ದು ಬಂದು ಅವನನ್ನು ತಲೆಕೆಳಗು ಮಾಡುತ್ತಾನೆ. ಅರ ಮತ್ತು ಊಟ ತಂದುಕೊಡು ಅಂತ ಹೆದರಿಸುತ್ತಾನೆ. ಪಿಪ್ ಮನೆಯಿಂದ ಕದ್ದು ತಂದುಕೊಡುತ್ತಾನೆ.

ಮನೆಯಲ್ಲಿ ಇಬ್ಬರು ದೊಡ್ಡವರು. ಅಕ್ಕ ಮಿಸೆಸ್ ಜೋ ಅವನಿಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವಳು. ಬೆತ್ತಕ್ಕೆ ಹೆಸರೇ ಇಟ್ಟಿರುವ ಮನೆ ಅದು. ತಮ್ಮನನ್ನು ಸಾಕಿದ್ದೇ ದೊಡ್ಡ ಉಪಕಾರ ಅನ್ನುವುದನ್ನು ಅವಳು ದಿನವೂ ನೆನಪಿಸುತ್ತಾಳೆ. ಭಾವ ಜೋ ಗಾರ್ಜರಿ ಮೆತ್ತಗಿನ ಮನುಷ್ಯ. ಕ್ರಿಸ್‌ಮಸ್ ಊಟಕ್ಕೆ ಬಂದ ನೆಂಟರೆಲ್ಲ ಸೇರಿ ಪಿಪ್‌ಗೆ ಬುದ್ಧಿ ಹೇಳುವಾಗ, ಜೋ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರು ಚುಚ್ಚಿದಾಗಲೂ ಹುಡುಗನ ತಟ್ಟೆಗೆ ಇನ್ನಷ್ಟು ಗ್ರೇವಿ ಬಡಿಸುತ್ತಾನೆ. ನನಗೆ ಇಡೀ ಕಾದಂಬರಿಯಲ್ಲಿ ಅತಿ ಪ್ರೀತಿಯ ಜಾಗ ಇದು. ಕಾಪಾಡಲು ಆಗದವನು ತನಗೆ ಗೊತ್ತಿರುವ ಒಂದೇ ರೀತಿಯಲ್ಲಿ ಪ್ರೀತಿ ತೋರಿಸುತ್ತಿದ್ದಾನೆ. ಮಗುವಿಗೆ ಅದು ಅರ್ಥವೂ ಆಗುತ್ತದೆ.

ಹಾಗಾದರೆ 'ಹಳೆಯ' ಪಿಪ್ ಯಾರು? ಹೆದರುವ ಹುಡುಗ. ಸದಾ ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡಿರುವವನು. ಆದರೆ ಮನೆಯ ಬಗ್ಗೆ ನಾಚಿಕೆ ಇಲ್ಲ. ಜೋ ಥರ ಕಮ್ಮಾರ ಆಗುವುದೇ ಅವನಿಗೆ ದೊಡ್ಡ ಆಸೆ. ಈ ಕೊನೆಯ ಎರಡು ಸಂಗತಿಯನ್ನು ನೋಟ್ಸ್‌ನಲ್ಲಿ ದಪ್ಪಕ್ಕೆ ಬರೆದುಕೊಳ್ಳಿ. ಮುಂದೆ ಒಡೆಯುವುದು ಇವೇ.

2. ಪಾತ್ರಗಳ ಪಟ್ಟಿ ಬೇಡ, ಘಟನೆಗಳ ಪಟ್ಟಿ ಮಾಡಿ

ಪುಸ್ತಕದ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಯಾರು ಏನು ಮಾಡಿದರು ಅಥವಾ ಹೇಳಿದರು. ಎರಡನೆಯದರಲ್ಲಿ ಅದಾದ ಮೇಲೆ, ಅವರಿಲ್ಲದಾಗ, ಹುಡುಗ ಏನು ಮಾಡಿದ. ಮೂರನೆಯದರಲ್ಲಿ ಅದೇ ಗುರುತು ಮುಂದೆ ಯಾವ ಅಧ್ಯಾಯದಲ್ಲಿ ಮತ್ತೆ ಕಂಡಿತು.

ಮೂರನೇ ಕಾಲಂ ಖಾಲಿ ಉಳಿದರೆ ಆ ಪ್ರಭಾವ ಆಳದ್ದಲ್ಲ ಅಂತ ಅರ್ಥ. ಪಂಬಲ್‌ಚುಕ್‌ನನ್ನು ನೋಡಿ. ಜೋನ ಸಂಬಂಧಿ ಆತ, ಕಾಳುಕಡ್ಡಿ ವ್ಯಾಪಾರಿ. ಪುಟಗಟ್ಟಲೆ ಮಾತಾಡುತ್ತಾನೆ, ಪಿಪ್‌ನ ಬದುಕು ರೂಪಿಸಿದ್ದು ತಾನೇ ಅಂತ ಊರೆಲ್ಲ ಹೇಳಿಕೊಳ್ಳುತ್ತಾನೆ. ಅವನಿಂದ ಪಿಪ್ ಕಲಿತದ್ದು ಹೆಚ್ಚೇನಿಲ್ಲ. ಮಾತು ಎಷ್ಟು ಅನ್ನುವುದಕ್ಕೂ ಪ್ರಭಾವ ಎಷ್ಟು ಅನ್ನುವುದಕ್ಕೂ ಸಂಬಂಧವಿಲ್ಲ ಅಂತ ಹೇಳಲು ಅವನು ಒಳ್ಳೆಯ ಉದಾಹರಣೆ. ಅಷ್ಟಕ್ಕೆ ಅವನನ್ನು ಬಿಟ್ಟು ಮುಂದೆ ಹೋಗಬಹುದು.

3. ಒಂದು ದೃಶ್ಯವನ್ನು ನಿಧಾನವಾಗಿ ಓದಿ

ಪ್ರತಿ ಕಾದಂಬರಿಯಲ್ಲೂ ಹುಡುಗನೋ ಹುಡುಗಿಯೋ ತಿರುಗಿಬಿಡುವ ಒಂದು ಜಾಗ ಇರುತ್ತದೆ. ಇಲ್ಲಿ ಅದು 8ನೇ ಅಧ್ಯಾಯ. ನಿಮ್ಮ ಸಮಯದ ಅರ್ಧ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಸ್ಯಾಟಿಸ್ ಹೌಸ್ ಅನ್ನುವ ಕತ್ತಲೆ ಬಂಗಲೆ. ಮದುವೆಯ ದಿನ ಮೋಸಹೋದ ಮಿಸ್ ಹ್ಯಾವಿಶ್ಯಾಮ್, ಅಂದಿನ ಉಡುಪಿನಲ್ಲೇ ಮುದಿಯಾಗುತ್ತಾ ಕೂತಿದ್ದಾಳೆ. ಗಡಿಯಾರಗಳೆಲ್ಲ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತಿವೆ. ಅವಳ ಸಾಕುಮಗಳು ಎಸ್ಟೆಲ್ಲಾ ಪಿಪ್ ಜೊತೆ ಇಸ್ಪೀಟು ಆಡಬೇಕು. ಆಡುತ್ತಾ ಅವನ ಮಾತನ್ನು ಹೀಯಾಳಿಸುತ್ತಾಳೆ, ಕೈ ಒರಟು ಅನ್ನುತ್ತಾಳೆ, ಬೂಟು ದಪ್ಪ ಅನ್ನುತ್ತಾಳೆ. ಅಷ್ಟೇ. ಎರಡು ಮೂರು ವಾಕ್ಯ. ಆಮೇಲೆ ಊಟ ತಂದು, ಅವನ ಕಡೆ ನೋಡದೆ, ನಾಯಿಗೆ ಇಡುವ ಹಾಗೆ ಅಂಗಳದ ಕಲ್ಲಿನ ಮೇಲೆ ಇಟ್ಟು ಹೋಗುತ್ತಾಳೆ.

ಈಗ ನಮ್ಮ ನಿಯಮ ಹಚ್ಚಿ ನೋಡಿ. ಎಸ್ಟೆಲ್ಲಾ ಹೋದ ಮೇಲೆ ಪಿಪ್ ಏನು ಮಾಡಿದ? ಗೋಡೆಗೆ ಒದ್ದ, ಕೂದಲು ಕಿತ್ತುಕೊಂಡ, ಅತ್ತ. ಊಟ ಬರುವ ಮುಂಚೆ, ಅಂಗಳದಲ್ಲಿ ಒಬ್ಬನೇ ಇದ್ದಾಗ, ತನ್ನ ಕೈಯನ್ನೂ ಬೂಟನ್ನೂ ನೋಡಿಕೊಂಡಿದ್ದ. ಅವು ಅಲ್ಲಿಯವರೆಗೆ ಅವನಿಗೆ ತೊಂದರೆ ಕೊಟ್ಟಿರಲೇ ಇಲ್ಲ. ಈಗ ಕೊಡುತ್ತವೆ. ಜೋಗೆ ಸ್ವಲ್ಪ ಒಳ್ಳೆಯ ರೀತಿ ನೀತಿ ಕಲಿಸಿದ್ದರೆ ನನಗೂ ಬರುತ್ತಿತ್ತು ಅನ್ನುವ ಯೋಚನೆ ಅಲ್ಲೇ, ಅದೇ ಅಂಗಳದಲ್ಲಿ ಹುಟ್ಟುತ್ತದೆ. ಗ್ರೇವಿ ಬಡಿಸಿದ ಜೋ ಮೇಲೆ ಮೊದಲ ದೂರು!

9ನೇ ಅಧ್ಯಾಯಕ್ಕೆ ಹೋಗಿ. ಮನೆಯವರು ಬಂಗಲೆಯಲ್ಲಿ ಏನಾಯಿತು ಅಂತ ಕೇಳುತ್ತಾರೆ. ಪಿಪ್ ಕಪ್ಪು ಮಖಮಲ್ಲಿನ ಸಾರೋಟು, ಬೆಳ್ಳಿ ಬುಟ್ಟಿಯಿಂದ ಮಾಂಸ ತಿನ್ನುವ ನಾಲ್ಕು ನಾಯಿ ಅಂತೆಲ್ಲ ಸುಳ್ಳು ಕಟ್ಟುತ್ತಾನೆ. ಯಾಕೆ? ಅವಮಾನವನ್ನು ಹೇಳಲು ಅವನ ಹತ್ತಿರ ಮಾತಿಲ್ಲ. ಮಾತು ಇದ್ದರೂ ಅದನ್ನು ಅರ್ಥ ಮಾಡಿಕೊಳ್ಳುವವರು ಆ ಮನೆಯಲ್ಲಿ ಇಲ್ಲ ಅನ್ನಿಸಿದೆ. ಆದರೆ ಜೋ ಆ ಸುಳ್ಳನ್ನೆಲ್ಲ ನಂಬಿ ಕಣ್ಣರಳಿಸಿದಾಗ ಪಿಪ್‌ಗೆ ತಡೆಯಲು ಆಗುವುದಿಲ್ಲ. ಅವನೊಬ್ಬನಿಗೇ ನಿಜ ಹೇಳುತ್ತಾನೆ. ನೇರ ದಾರಿಯಲ್ಲಿ ದೊಡ್ಡವನಾಗಲು ಆಗದಿದ್ದರೆ ಅಡ್ಡದಾರಿಯಲ್ಲಂತೂ ಆಗುವುದಿಲ್ಲ ಅನ್ನುವ ಅರ್ಥದ ಮಾತು ಜೋ ಹೇಳುತ್ತಾನೆ. ಒಳ್ಳೆಯ ಮಾತು. ಪಿಪ್ ಕೇಳುತ್ತಾನೆ. ಕೇಳಿ ಮಲಗಲು ಹೋಗುತ್ತಾನೆ. ಮಲಗಿಕೊಂಡು ಯೋಚಿಸುವುದು ಏನು? ಎಸ್ಟೆಲ್ಲಾ ಕಣ್ಣಲ್ಲಿ ಜೋ ಎಷ್ಟು ಕೀಳಾಗಿ ಕಾಣಬಹುದು ಅಂತ.

ಇಲ್ಲಿ ನಿಲ್ಲಿ. ಒಂದೇ ದಿನ ಇಬ್ಬರು ಅವನಿಗೆ ಏನೋ ಕೊಟ್ಟರು. ಒಬ್ಬಳು ಕೊಟ್ಟದ್ದು ಅವಮಾನ, ಇನ್ನೊಬ್ಬ ಕೊಟ್ಟದ್ದು ಬುದ್ಧಿಮಾತು. ಕೋಣೆಯಲ್ಲಿ ಒಬ್ಬನೇ ಇದ್ದಾಗ ಅವನೊಳಗೆ ಯಾರು ಉಳಿದರು ಅನ್ನುವುದನ್ನು ಡಿಕನ್ಸ್ ಅಷ್ಟು ಸ್ಪಷ್ಟವಾಗಿ ತೋರಿಸಿದ್ದಾನೆ. ಪ್ರಬಂಧದಲ್ಲಿ ಇದನ್ನು ಬರೆದರೆ 'ಎಸ್ಟೆಲ್ಲಾ ನೋವು ಕಲಿಸಿದಳು' ಅನ್ನುವ ಸಾಲು ಬೇಕಾಗುವುದೇ ಇಲ್ಲ.

ಮೂರನೇ ಕಾಲಂ ಸುಮ್ನೆ ತುಂಬುತ್ತಾ ಹೋಗುತ್ತದೆ. 10ನೇ ಅಧ್ಯಾಯದಲ್ಲಿ ಪಿಪ್, ಊರಿನ ಶಾಲೆ ನಡೆಸುವ ಮುದುಕಿಯ ಮೊಮ್ಮಗಳು ಬಿಡ್ಡಿಯನ್ನು ಹಿಡಿದು ನಿನಗೆ ಗೊತ್ತಿರುವುದನ್ನೆಲ್ಲ ಕಲಿಸು ಅನ್ನುತ್ತಾನೆ. 14ರಲ್ಲಿ ಕುಲುಮೆಯ ಕಿಟಕಿಯಿಂದ ಎಸ್ಟೆಲ್ಲಾ ಇಣುಕಿ ಮಸಿ ಮುಖ ನೋಡಿಬಿಟ್ಟರೆ ಅಂತ ಹೆದರುತ್ತಾನೆ. ಅವಳು ಆ ಕಿಟಕಿಯ ಹತ್ತಿರ ಬಂದವಳೇ ಅಲ್ಲ! 19ರಲ್ಲಿ ಲಂಡನ್ ಬಂಡಿ ಹತ್ತಲು ಒಬ್ಬನೇ ನಡೆದು ಹೋಗುತ್ತಾನೆ. ಯಾಕೆಂದರೆ ಹೊಸ ಬಟ್ಟೆಯ ತನ್ನ ಪಕ್ಕ ಜೋ ಕಾಣಬಾರದು.

4. ಅದೇ ಕೊರತೆಯನ್ನು ಬೇರೆಯವರು ಹೇಗೆ ಮುಟ್ಟಿದರು ಅಂತ ಹೋಲಿಸಿ

ಈ ಹೆಜ್ಜೆಯನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಇದರಿಂದ ಸಿಗುವುದು ತುಂಬಾ. ಎರಡು ಪಾತ್ರಗಳು ಹುಡುಗನ ಒಂದೇ ದೌರ್ಬಲ್ಯವನ್ನು ಮುಟ್ಟುವ ಎರಡು ದೃಶ್ಯ ಹುಡುಕಿ, ಪಕ್ಕಪಕ್ಕ ಇಡಿ.

ಪಿಪ್‌ಗೆ ದೊಡ್ಡವರ ಮನೆಯ ರೀತಿ ನೀತಿ ಗೊತ್ತಿಲ್ಲ. ಎಸ್ಟೆಲ್ಲಾ ಅದನ್ನು ನಗೆಪಾಟಲು ಮಾಡಿದಳು. 22ನೇ ಅಧ್ಯಾಯದಲ್ಲಿ ಹರ್ಬರ್ಟ್ ಪಾಕೆಟ್ ಅದನ್ನೇ ತಿದ್ದುತ್ತಾನೆ. ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದಾರೆ. ಹರ್ಬರ್ಟ್ ಮಿಸ್ ಹ್ಯಾವಿಶ್ಯಾಮ್‌ಳ ಹಳೆಯ ಕಥೆ ಹೇಳುತ್ತಿದ್ದಾನೆ. ನಡುನಡುವೆ ಚಾಕುವನ್ನು ಬಾಯಿಗೆ ಹಾಕಬಾರದು, ಚಮಚ ಹೀಗೆ ಹಿಡಿಯುತ್ತಾರೆ ಅಂತ ನಗುನಗುತ್ತಾ ಸೇರಿಸುತ್ತಾನೆ. ಮತ್ತೆ ಕಥೆಗೆ ಮರಳುತ್ತಾನೆ. ಪಿಪ್ ತಿದ್ದಿಕೊಳ್ಳುತ್ತಾನೆ, ಇಬ್ಬರೂ ನಗುತ್ತಾರೆ, ಊಟ ಮುಂದುವರಿಯುತ್ತದೆ.

ಎರಡೂ ದೃಶ್ಯದಲ್ಲಿ ವಿಷಯ ಒಂದೇ. ಮೊದಲನೆಯದರಿಂದ ಪಿಪ್ ತನ್ನ ಮನೆಯನ್ನು ನೋಡಿ ನಾಚಿದ. ಎರಡನೆಯದರಿಂದ ಚಮಚ ಹಿಡಿಯಲು ಕಲಿತ, ಜೊತೆಗೆ ಒಬ್ಬ ಗೆಳೆಯ ಸಿಕ್ಕಿದ. ಹರ್ಬರ್ಟ್ ಪ್ರಭಾವದ ಗುರುತು ಎಲ್ಲಿ ಕಾಣುತ್ತದೆ ಗೊತ್ತಾ? 37ನೇ ಅಧ್ಯಾಯದಲ್ಲಿ. ದುಂದುವೆಚ್ಚದಲ್ಲಿ ಮುಳುಗಿರುವ ಪಿಪ್ ಆಗ ಹರ್ಬರ್ಟ್‌ಗೇ ಗೊತ್ತಾಗದ ಹಾಗೆ ದುಡ್ಡು ಹಾಕಿ ಅವನಿಗೆ ವ್ಯಾಪಾರದಲ್ಲಿ ಜಾಗ ಮಾಡಿಕೊಡುತ್ತಾನೆ. ಶ್ರೀಮಂತನಾದ ಮೇಲೆ ಪಿಪ್ ಮಾಡುವ ಹೆಮ್ಮೆಪಡಬಹುದಾದ ಮೊದಲ ಕೆಲಸ ಇದು. ಅದಕ್ಕೆ ಯಾರ ಹೊಗಳಿಕೆಯನ್ನೂ ಅವನು ಕೇಳುವುದಿಲ್ಲ.

5. ಪರೀಕ್ಷೆಯ ದೃಶ್ಯ ಹುಡುಕಿ

ಬಾಲ್ಯದಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಗೆ ಹೊರಬರುವ ದೃಶ್ಯ ಒಂದಿರುತ್ತದೆ. ಪಿಪ್‌ಗೆ ಅದು 27ನೇ ಅಧ್ಯಾಯ, ಜೋ ಲಂಡನ್‌ಗೆ ಬರುವುದು. ಅವನು ಬರುತ್ತಾನೆ ಅಂತ ಕಾಗದ ಬಂದಾಗ, ದುಡ್ಡು ಕೊಟ್ಟು ತಡೆಯಲು ಆಗುವಂತಿದ್ದರೆ ಕೊಡುತ್ತಿದ್ದೆ ಅಂತ ಪಿಪ್ ಒಪ್ಪಿಕೊಳ್ಳುತ್ತಾನೆ. ಜೋ ಬಿಗಿ ಬಟ್ಟೆಯಲ್ಲಿ ಒದ್ದಾಡುತ್ತಾನೆ. ಅವನ ಟೋಪಿ ಅಗ್ಗಿಷ್ಟಿಕೆಯ ಮೇಲಿನಿಂದ ಮತ್ತೆ ಮತ್ತೆ ಬೀಳುತ್ತದೆ. ಬಾಯ್ತಪ್ಪಿ ಪಿಪ್ ಅಂದರೂ ತಕ್ಷಣ 'ಸರ್' ಅನ್ನುತ್ತಾನೆ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಪಿಪ್ ಈಗ ಯಾರ ಕಣ್ಣಿಂದ ಜೋನನ್ನು ನೋಡುತ್ತಿದ್ದಾನೆ? ಎಸ್ಟೆಲ್ಲಾ ಕಣ್ಣಿಂದ. ಒರಟು ಕೈ, ದಪ್ಪ ಬೂಟು. ಅವಳು ಅಂದು ಅವನಿಗೆ ಮಾಡಿದ್ದನ್ನು ಇಂದು ಅವನು ಜೋಗೆ ಮಾಡುತ್ತಿದ್ದಾನೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಇದೇ ದೃಶ್ಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಜೋನನ್ನು ಹರ್ಬರ್ಟ್ ನೋಡಿದರೆ ಪಿಪ್‌ಗೆ ಚಿಂತೆಯಿಲ್ಲ. ಡ್ರಮ್ಮಲ್ ನೋಡಿಬಿಟ್ಟರೆ ಅಂತ ಭಯ. ಡ್ರಮ್ಮಲ್ ಅಂದರೆ ಪಿಪ್‌ಗೆ ಒಂದಿಷ್ಟೂ ಗೌರವವಿಲ್ಲದ, ಸಿಡುಕು ಮೋರೆಯ ಶ್ರೀಮಂತ ಹುಡುಗ. ನಾವು ಇಷ್ಟಪಡುವವರಷ್ಟೇ ನಮ್ಮನ್ನು ರೂಪಿಸುತ್ತಾರೆ ಅಂದುಕೊಳ್ಳುವ ಓದುಗರಿಗೆ ಡಿಕನ್ಸ್ ಇಲ್ಲಿ ಒಳ್ಳೆಯ ಪಾಠ ಇಟ್ಟಿದ್ದಾನೆ. ತಾನು ತುಚ್ಛವಾಗಿ ಕಾಣುವ ಒಬ್ಬನ ಅಭಿಪ್ರಾಯಕ್ಕೆ ಹೆದರಿ ಪಿಪ್ ತನ್ನನ್ನು ಸಾಕಿದವನನ್ನು ನೋಯಿಸುತ್ತಾನೆ.

ಜೋ ಮಾತ್ರ ಹೊರಡುವಾಗ ಸಿಟ್ಟಿಲ್ಲದೆ ಮಾತಾಡುತ್ತಾನೆ. ಒಬ್ಬ ಕಮ್ಮಾರ, ಒಬ್ಬ ಅಕ್ಕಸಾಲಿ, ಜನರ ನಡುವೆ ಹೀಗೆ ಅಗಲಿಕೆ ಬರುತ್ತದೆ ಅನ್ನುತ್ತಾನೆ. ಈ ಬಟ್ಟೆಯಲ್ಲಿ ನಾನು ನಾನಲ್ಲ, ಕುಲುಮೆಗೆ ಬಂದು ನೋಡು ಅನ್ನುತ್ತಾನೆ. ಪಿಪ್‌ಗೆ ಮನಸ್ಸು ಕಲಕುತ್ತದೆ, ಹಿಂದೆ ಓಡುತ್ತಾನೆ. ಆದರೆ ಮುಂದಿನ ಅಧ್ಯಾಯದಲ್ಲಿ ಊರಿಗೆ ಹೋದಾಗ ಉಳಿಯುವುದು ಹೋಟೆಲಿನಲ್ಲಿ! ಪಶ್ಚಾತ್ತಾಪ ಒಂದು ದಿನವೂ ಉಳಿಯಲಿಲ್ಲ. ಮುಂದಿನ ದೃಶ್ಯ ನೋಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

6. ಹುಡುಗ ನಂಬಿದ್ದನ್ನೂ ನಿಜವನ್ನೂ ಬೇರೆ ಮಾಡಿ

ಎಳೆಯ ನಾಯಕರು ತಮ್ಮನ್ನು ಯಾರು ರೂಪಿಸುತ್ತಿದ್ದಾರೆ ಅನ್ನುವುದನ್ನು ತಪ್ಪಾಗಿ ತಿಳಿಯುತ್ತಾರೆ. ಈ ಕಾದಂಬರಿಯ ಕಥೆಯೇ ಆ ತಪ್ಪಿನ ಮೇಲೆ ನಿಂತಿದೆ.

18ನೇ ಅಧ್ಯಾಯದಲ್ಲಿ ವಕೀಲ ಜ್ಯಾಗರ್ಸ್ ಬಂದು, ನಿನಗೆ ದೊಡ್ಡ ಆಸ್ತಿ ಬರಲಿದೆ, ಕೊಡುವವರ ಹೆಸರು ಕೇಳಬೇಡ ಅನ್ನುತ್ತಾನೆ. ಪಿಪ್ ಇದೇ ಮನುಷ್ಯನನ್ನು ಮುಂಚೆ ಸ್ಯಾಟಿಸ್ ಹೌಸ್‌ನಲ್ಲಿ ನೋಡಿದ್ದಾನೆ. ಹಾಗಾಗಿ ಕೊಟ್ಟದ್ದು ಮಿಸ್ ಹ್ಯಾವಿಶ್ಯಾಮ್, ಎಸ್ಟೆಲ್ಲಾಗೆ ತಕ್ಕ ವರನನ್ನಾಗಿ ತನ್ನನ್ನು ಬೆಳೆಸುತ್ತಿದ್ದಾಳೆ ಅಂತ ಲೆಕ್ಕ ಹಾಕುತ್ತಾನೆ. ಮಿಸ್ ಹ್ಯಾವಿಶ್ಯಾಮ್ ಅವನ ಭ್ರಮೆ ಬಿಡಿಸುವುದಿಲ್ಲ. 39ನೇ ಅಧ್ಯಾಯದ ಬಿರುಗಾಳಿಯ ರಾತ್ರಿ, 23 ವರ್ಷದ ಪಿಪ್ ಮುಂದೆ ನಿಜವಾದ ದಾನಿ ಬಂದು ನಿಲ್ಲುತ್ತಾನೆ. ಸ್ಮಶಾನದ ಅದೇ ಕೈದಿ. ಏಬಲ್ ಮ್ಯಾಗ್ವಿಚ್. ಗಡೀಪಾರಾಗಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿ ದುಡಿದ ದುಡ್ಡು ಅದು.

ಓದುವಾಗ ಎರಡು ಗೆರೆ ಎಳೆದುಕೊಳ್ಳಿ. ಒಂದು, ಪಿಪ್ ನಂಬಿದ ಕಥೆ. ಇನ್ನೊಂದು, ಕೆಳಗೆ ನಡೆಯುತ್ತಿರುವ ಕಥೆ. ಎರಡನೆಯದರ ಸುಳಿವುಗಳು ಮೊದಲಿಂದಲೂ ಇವೆ. 10ನೇ ಅಧ್ಯಾಯದಲ್ಲಿ ಅಪರಿಚಿತನೊಬ್ಬ ಪಿಪ್ ಕದ್ದುಕೊಟ್ಟಿದ್ದ ಅರದಿಂದಲೇ ತನ್ನ ಲೋಟದ ರಮ್ ಕಲಕುತ್ತಾನೆ, ಒಂದು ಪೌಂಡಿನ ಎರಡು ನೋಟು ಕೊಟ್ಟು ಹೋಗುತ್ತಾನೆ. 28ರಲ್ಲಿ ಬಂಡಿಯಲ್ಲಿ ಆ ನೋಟುಗಳ ಮಾತೇ ಕಿವಿಗೆ ಬೀಳುತ್ತದೆ.

ಆದರೆ ಒಂದು ಎಚ್ಚರಿಕೆ. ಭ್ರಮೆ ಅಂದಮಾತ್ರಕ್ಕೆ ಅದು ಕೆಲಸ ಮಾಡಲಿಲ್ಲ ಅಂತಲ್ಲ. ಆ ಆಸ್ತಿಯಲ್ಲಿ ಮಿಸ್ ಹ್ಯಾವಿಶ್ಯಾಮ್‌ಳದು ಒಂದು ಪೈಸೆ ಇಲ್ಲದಿದ್ದರೂ, ಅವಳೇ ಕೊಟ್ಟಳು ಅನ್ನುವ ನಂಬಿಕೆ ಪಿಪ್‌ನ ಹರೆಯವನ್ನೆಲ್ಲ ನಡೆಸಿತು. ಅತ್ತ ಮ್ಯಾಗ್ವಿಚ್ ದುಡ್ಡು ಅವನ ಬಟ್ಟೆ, ಮಾತು, ಕೋಣೆ, ಗೆಳೆಯರು ಎಲ್ಲವನ್ನೂ ಬದಲಿಸಿತು, ಆ ಮನುಷ್ಯನ ಮುಖ ಮಾತ್ರ ಪಿಪ್‌ಗೆ ಮರೆತೇ ಹೋಗಿತ್ತು. ಒಬ್ಬಳದು ಕನಸಿನ ಮೇಲೆ ಹಿಡಿತ, ಇನ್ನೊಬ್ಬನದು ಬದುಕಿನ ಮೇಲೆ. ಪ್ರಬಂಧದಲ್ಲಿ ಇವೆರಡನ್ನು ಬೇರೆ ಬೇರೆ ಪ್ಯಾರಾದಲ್ಲಿ ಇಡದೆ ಒಟ್ಟಿಗೆ ಇಟ್ಟು ಬರೆಯಿರಿ. ಚರ್ಚೆಗೆ ಬಲ ಬರುತ್ತದೆ.

7. ಕಥೆ ಹೇಳುತ್ತಿರುವವನು ಯಾರು ಅಂತ ಮರೆಯಬೇಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಕಥೆ ಹೇಳುತ್ತಿರುವವನು ವಯಸ್ಸಾದ ಪಿಪ್. ಹಾಗಾಗಿ ಪುಟದಲ್ಲಿ ಎರಡು ದನಿ ಇವೆ: ಆಗ ಅನುಭವಿಸಿದ ಹುಡುಗನದು, ಈಗ ನೆನಪಿಸಿಕೊಳ್ಳುವ ಗಂಡಸಿನದು. ಜೋ ಎಷ್ಟು ದೊಡ್ಡ ಮನುಷ್ಯ ಅಂತ ಆರಂಭದಲ್ಲೇ ಬರುವ ಮಾತುಗಳು ಹೆಚ್ಚಾಗಿ ಎರಡನೇ ದನಿಯವು. ಅವನ್ನು ಎತ್ತಿ, ಪಿಪ್ ಬಾಲ್ಯದಿಂದಲೂ ಜೋನ ಬೆಲೆ ತಿಳಿದಿದ್ದ ಅಂತ ಬರೆದರೆ ತಪ್ಪಾಗುತ್ತದೆ. ಉದ್ಧರಣೆ ತೆಗೆಯುವಾಗಲೆಲ್ಲ ಇದು ಯಾವ ವಯಸ್ಸಿನ ಪಿಪ್‌ನ ತೀರ್ಪು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

8. ರೂಪಿಸಿದವರನ್ನು ಯಾರು ರೂಪಿಸಿದರು?

ಸುತ್ತಲಿನವರನ್ನು ಒಳ್ಳೆಯವರು ಕೆಟ್ಟವರು ಅಂತ ಎರಡು ಬುಟ್ಟಿಗೆ ಹಾಕುವ ಮುಂಚೆ ಒಂದು ಹೆಜ್ಜೆ ಹಿಂದೆ ಹೋಗಿ.

ಜೋ ಯಾಕೆ ಹೆಂಡತಿಯ ಎದುರು ಸುಮ್ಮನಿರುತ್ತಾನೆ? 7ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಅವನ ಅಪ್ಪ ಕುಡಿದು ಅಮ್ಮನನ್ನೂ ಅವನನ್ನೂ ಹೊಡೆಯುತ್ತಿದ್ದ. ಹೆಂಗಸಿಗೆ ನೋವು ಕೊಡುವ ಕಡೆಗೆ ಜಾರುವ ಬದಲು, ತಾನೇ ಕಷ್ಟ ಪಡುವುದು ಲೇಸು ಅನ್ನುವುದು ಅವನ ತೀರ್ಮಾನ. ಆ ಒಳ್ಳೆಯತನದ ಬೆಲೆ ಕಟ್ಟಿದ್ದು ಪಿಪ್‌ನ ಬೆನ್ನು. ಜೋ ದೇವರಂಥವನು ಅಂತ ಬರೆದು ಬಿಡುವವರು ಈ ಗಂಟನ್ನು ಬಿಚ್ಚುವುದೇ ಇಲ್ಲ. ನನ್ನ ಪ್ರಕಾರ ಜೋ ಬಗ್ಗೆ ಬರೆಯಲು ಯೋಗ್ಯವಾದ ಸಂಗತಿ ಇದೇ.

ಎಸ್ಟೆಲ್ಲಾ ಕೂಡ ಒಂದು ಮಗುವೇ, ಅಲ್ವಾ? ಅವಳನ್ನು ಮಿಸ್ ಹ್ಯಾವಿಶ್ಯಾಮ್ ಗಂಡಸರ ಎದೆ ಒಡೆಯಲೆಂದೇ ಬೆಳೆಸಿದಳು. ಮಿಸ್ ಹ್ಯಾವಿಶ್ಯಾಮ್‌ಳನ್ನು ಹಾಗೆ ಮಾಡಿದ್ದು ಕಾಂಪೇಸನ್ ಅನ್ನುವ ವಂಚಕ. ಮ್ಯಾಗ್ವಿಚ್ ಬದುಕನ್ನು ಕೆಡಿಸಿದ್ದೂ ಅದೇ ಕಾಂಪೇಸನ್. ಅವನು ಪುಟಗಳಲ್ಲಿ ಕಾಣಿಸುವುದು ಬಹಳ ಕಡಿಮೆ. ಆದರೂ ಅವನಿಲ್ಲದೆ ಪಿಪ್‌ನ ಕಥೆಯೇ ಇಲ್ಲ. 38ನೇ ಅಧ್ಯಾಯದಲ್ಲಿ ಸಾಕುತಾಯಿ ನನ್ನ ಮೇಲೆ ನಿನಗೆ ಪ್ರೀತಿಯಿಲ್ಲ ಅಂತ ಅತ್ತಾಗ, ನೀನು ಮಾಡಿದ ಹಾಗೆ ನಾನಿದ್ದೇನೆ ಅಂತ ಎಸ್ಟೆಲ್ಲಾ ತಣ್ಣಗೆ ಉತ್ತರಿಸುತ್ತಾಳೆ. ಪಿಪ್ ಪಕ್ಕದಲ್ಲೇ ನಿಂತು ಕೇಳುತ್ತಿದ್ದಾನೆ. ಕೇಳಿದರೂ ಅದು ತನಗೂ ಅನ್ವಯಿಸುತ್ತದೆ ಅಂತ ಅವನಿಗೆ ಹೊಳೆಯುವುದಿಲ್ಲ.

9. ದಿಕ್ಕು ತಿರುಗಿಸಿ ನೋಡಿ, ಹುಡುಗನಿಗೂ ಪಾಲು ಕೊಡಿ

ಹುಡುಗನನ್ನು ಎಲ್ಲರೂ ಸೇರಿ ತಟ್ಟುವ ಮಣ್ಣಿನ ಮುದ್ದೆ ಅಂದುಕೊಂಡರೆ ಪ್ರಬಂಧ ಅರ್ಧಕ್ಕೇ ನಿಲ್ಲುತ್ತದೆ. ಅವನೂ ಇತರರನ್ನು ಬದಲಿಸುತ್ತಾನೆ. ಜೌಗಿನಲ್ಲಿ ನಡುಗುತ್ತಿದ್ದ ಕೈದಿಗೆ ಒಂದು ಮಗು ತಂದುಕೊಟ್ಟ ಊಟವೇ ಮುಂದೆ ಆಸ್ಟ್ರೇಲಿಯಾದಲ್ಲಿ ಅಷ್ಟು ವರ್ಷ ದುಡಿಯುವ ಹಟವಾಯಿತು. ಆ ಊಟ ಭಯದಿಂದ ತಂದದ್ದು ಹೌದು. ಆದರೆ ನೀನು ಇಷ್ಟಪಟ್ಟು ತಿನ್ನುವುದು ನೋಡಿ ಸಂತೋಷ ಅಂತ ಪಿಪ್ ಅವನಿಗೆ ಹೇಳಿದ್ದು ಯಾರ ಹೆದರಿಕೆಯಿಂದಲೂ ಅಲ್ಲ. ಮಿಸ್ ಹ್ಯಾವಿಶ್ಯಾಮ್‌ಗೂ ತನ್ನ ತಪ್ಪು ಕಂಡಿದ್ದು ಪಿಪ್‌ನ ನೋವಿನಲ್ಲಿ. 49ನೇ ಅಧ್ಯಾಯದಲ್ಲಿ ಅವಳು ಅವನ ಕಾಲಬಳಿ ಕುಸಿದು ಕ್ಷಮೆ ಕೇಳುತ್ತಾಳೆ.

ಅದೇ ಅಧ್ಯಾಯದಲ್ಲಿ ಪಿಪ್ ತಾನೇ ಆರಿಸಿಕೊಂಡ ದಾರಿ ಮೊದಲ ಸಲ ಸ್ಪಷ್ಟವಾಗಿ ಕಾಣುತ್ತದೆ. ಹರ್ಬರ್ಟ್‌ನ ವ್ಯಾಪಾರಕ್ಕಾಗಿ 900 ಪೌಂಡ್ ಕೇಳುತ್ತಾನೆ. ನಿನಗೇನು ಬೇಕು ಅಂದಾಗ ಏನೂ ಬೇಡ ಅನ್ನುತ್ತಾನೆ. ಮ್ಯಾಗ್ವಿಚ್ ದುಡ್ಡನ್ನೂ ಮುಟ್ಟುವುದಿಲ್ಲ. 54ರಲ್ಲಿ ಸಿಕ್ಕಿಬಿದ್ದ ಮ್ಯಾಗ್ವಿಚ್ ಪಕ್ಕದಲ್ಲಿ ಕೂರುತ್ತಾನೆ. ಮೊದಲಿದ್ದ ಅಸಹ್ಯ ಅಷ್ಟರಲ್ಲಿ ಕರಗಿಹೋಗಿದೆ. ಕೋರ್ಟಿನಲ್ಲಿ ಎಲ್ಲರೆದುರು ಅವನ ಕೈ ಹಿಡಿದಿರುತ್ತಾನೆ. ಯಾರು ನೋಡಿದರೇನು ಅನ್ನುವ ಭಯ ಈಗ ಇಲ್ಲ. 27ನೇ ಅಧ್ಯಾಯದ ಪಕ್ಕ ಇದನ್ನು ಇಟ್ಟು ನೋಡಿ. ಇದನ್ನು ಅವನಿಗೆ ಹೇಳಿಕೊಟ್ಟವರು ಯಾರು? ಸೈನಿಕರು ಹಿಡಿದ ಕೈದಿ ನಿಮ್ಮ ಮನೆಯ ಊಟ ಕದ್ದೆ ಅಂದಾಗ, ಹಸಿದು ಸಾಯಲಿ ಅಂತ ನಾವು ಬಯಸುವವರಲ್ಲ, ತಿಂದದ್ದು ಒಳ್ಳೆಯದಾಯಿತು ಅಂದಿದ್ದವನು ಜೋ. 5ನೇ ಅಧ್ಯಾಯ. ಪಿಪ್ ಆಗ ಅವನ ಪಕ್ಕದಲ್ಲೇ ಇದ್ದ. ಮೂರನೇ ಕಾಲಂನಲ್ಲಿ 54 ಅಂತ ಬರೆಯಲು ನಾವು ಸುಮಾರು ಐವತ್ತು ಅಧ್ಯಾಯ ಕಾಯಬೇಕಾಯಿತು. ಹೀಗೆ ನಿಧಾನಕ್ಕೆ ಬೇರು ಬಿಡುವ ಪ್ರಭಾವವನ್ನು ಹಿಡಿಯುವುದೇ ಈ ಓದಿನ ದೊಡ್ಡ ಸುಖ.

ಓರ್ಲಿಕ್ ಬಗ್ಗೆ ಒಂದು ಮಾತು. ಅವನು ಕೂಡ ಅದೇ ಕುಲುಮೆಯಲ್ಲಿ, ಅದೇ ಜೋ ಕೈಕೆಳಗೆ ದುಡಿದವನು. ಆದರೂ ಕೊಲ್ಲುವ ಮಟ್ಟಕ್ಕೆ ಹೋಗುತ್ತಾನೆ. ಸುತ್ತಲಿನವರೇ ಎಲ್ಲವನ್ನೂ ತೀರ್ಮಾನಿಸುತ್ತಾರೆ ಅಂತ ಬರೆಯಲು ಕೈ ಹೋದಾಗ ಅವನನ್ನು ನೆನಪಿಸಿಕೊಳ್ಳಿ.

10. ಈಗ ಬರೆಯಿರಿ

ವಾದದ ಸಾಲಿನಲ್ಲಿ ಒಬ್ಬ ವ್ಯಕ್ತಿ, ಒಂದು ಕೆಲಸ, ಅದರ ಆಮೇಲಿನ ಗುರುತು ಇರಲಿ. 'ಎಸ್ಟೆಲ್ಲಾ ಪಿಪ್ ಮೇಲೆ ಆಳವಾದ ಪರಿಣಾಮ ಬೀರಿದಳು' ಅನ್ನುವ ಸಾಲಿನಲ್ಲಿ ಹಿಡಿಯಲು ಏನೂ ಇಲ್ಲ. 'ಎಸ್ಟೆಲ್ಲಾ ಹೀಯಾಳಿಸಿದ್ದು ಪಿಪ್‌ನನ್ನು, ಆದರೆ ಆ ಹೀಯಾಳಿಕೆಯ ಪೆಟ್ಟು ಕೊನೆಗೆ ಬಿದ್ದದ್ದು ಜೋ ಮೇಲೆ' ಅಂತ ಬರೆದು ನೋಡಿ. ಮುಂದಿನ ನಾಲ್ಕು ಪ್ಯಾರಾ ತಾನಾಗಿ ಬರುತ್ತದೆ.

ಎಲ್ಲ ಪಾತ್ರಗಳನ್ನೂ ಸೇರಿಸುವ ಹಟ ಬೇಡ. ಮೂವರು ಸಾಕು, ಇಬ್ಬರಾದರೂ ಸಾಕು. ಬಿಡ್ಡಿಯನ್ನು ತೆಗೆದುಕೊಂಡರೆ 17ನೇ ಅಧ್ಯಾಯದ ಅವಳ ಪ್ರಶ್ನೆ ಬಿಡಬೇಡಿ. ನೀನು ದೊಡ್ಡ ಮನುಷ್ಯ ಆಗಬೇಕೆನ್ನುವುದು ಎಸ್ಟೆಲ್ಲಾ ಮೇಲಿನ ಹಟಕ್ಕೋ, ಅವಳನ್ನು ಗೆಲ್ಲುವುದಕ್ಕೋ ಅಂತ ಕೇಳುತ್ತಾಳೆ. ಪಿಪ್ ಬಳಿ ಉತ್ತರವಿಲ್ಲ. ಒಬ್ಬರ ಪ್ರಭಾವ ಕೆಲಸ ಮಾಡದೆ ಹೋದ ಜಾಗವೂ ಒಳ್ಳೆಯ ಸಾಕ್ಷಿಯೇ.

ಕೊನೆಯ ಅಧ್ಯಾಯದ ಬಗ್ಗೆ ಬರೆಯುವವರು ಗಮನಿಸಿ. ಡಿಕನ್ಸ್ ಮೊದಲು ಬರೆದಿದ್ದ ಕೊನೆ ಬೇರೆ. ಅದರಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಸ್ವಲ್ಪ ಹೊತ್ತು ಭೇಟಿಯಾಗಿ ಅಗಲುತ್ತಾರೆ. ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಸಲಹೆ ಮೇಲೆ ಅದನ್ನು ಬದಲಿಸಿ, ಪಾಳುಬಿದ್ದ ಸ್ಯಾಟಿಸ್ ಹೌಸ್ ಅಂಗಳದಲ್ಲಿ ಇಬ್ಬರನ್ನೂ ಸೇರಿಸಿದ. ಎಸ್ಟೆಲ್ಲಾ ಹಿಡಿತ ಸಡಿಲವಾಯಿತೇ ಇಲ್ಲವೇ ಅನ್ನುವ ಪ್ರಶ್ನೆಗೆ ಎರಡು ಕೊನೆಗಳೂ ಬೇರೆ ಬೇರೆ ಉತ್ತರ ಕೊಡುತ್ತವೆ. ನೀವು ಯಾವುದನ್ನು ಇಟ್ಟುಕೊಂಡು ಬರೆಯುತ್ತಿದ್ದೀರಿ ಅಂತ ಹೇಳಿಬಿಡಿ.

ಸಮಯ ಕಡಿಮೆ ಇದ್ದರೆ ಇಡೀ ಪುಸ್ತಕ ಮತ್ತೆ ತಿರುವಬೇಕಿಲ್ಲ. 4, 5, 8, 9, 22, 27, 39, 49, 54 ಮತ್ತು ಜ್ವರದಲ್ಲಿ ಬಿದ್ದ ಪಿಪ್‌ನನ್ನು ಜೋ ಬಂದು ಆರೈಕೆ ಮಾಡುವ 57, ಇಷ್ಟನ್ನು ಇದೇ ಕ್ರಮದಲ್ಲಿ ಓದಿ. 57ರಲ್ಲಿ ಪಿಪ್ ಚೇತರಿಸಿಕೊಂಡ ಹಾಗೆಲ್ಲ ಜೋ ಬಾಯಲ್ಲಿ 'ಸರ್' ಮತ್ತೆ ಬರುತ್ತದೆ. ಆ ಜಾಗಕ್ಕೆ ಬಂದಾಗ 27ನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.